ಬಾಚಣಿಗೆ ತಾಗಿದ್ರೂ ನೋವಾಗತ್ತಾ ಅಂತ ಯಾರಾದ್ರೂ ಕೇಳ್ಬೇಕಲ್ವಾ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ತಲೆಗೆ ಪೆಟ್ಟಾದ ಮೇಲೆ ಬರೋ ತಲೆನೋವಿನ ಬಗ್ಗೆ ಲೇಖನ ಬಂದಿತ್ತು, ಓದಿದೆ, ಚೆನ್ನಾಗೇ ಇತ್ತು. ಹೆಲ್ಮೆಟ್ ಹಾಕಿ, ಪದೇ ಪದೇ ವಾಂತಿ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ್ರೆ ಸ್ಕ್ಯಾನ್ ಮಾಡಿಸಿ, ಎಲ್ಲಾ ಸರಿ. ಆದ್ರೆ ಸ್ಕ್ಯಾನ್ ನಾರ್ಮಲ್ ಅಂತ ಬಂದು, ಒಂದು ಹೊಲಿಗೆ ಕೂಡ ಬೀಳದೆ ಮನೆಗೆ ಬಂದು, ಆಮೇಲೆ ತಿಂಗಳುಗಟ್ಟಲೆ ತಲೆನೋವು ಬಿಡದೆ, ಅದರ ಜೊತೆಗೆ ತಲೆ ಬಾಚ್ಕೊಳ್ಳೋಕೂ ಆಗದ ಸ್ಥಿತಿಗೆ ಬಂದು ನಿಂತಿರೋ ಹೆಂಗಸರ ಬಗ್ಗೆ ಒಂದೇ ಒಂದು ಸಾಲು ಇರ್ಲಿಲ್ಲ. ನಿಮ್ಮ ಲೇಖನದಲ್ಲಿ ಮಾತ್ರ ಅಂತಲ್ಲ, ಎಲ್ಲೂ ಇರೋದಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಕತ್ತರಿಸೋದಾದ್ರೆ ನನ್ನ ಗೊಣಗಾಟ ಕತ್ತರಿಸಿ, ಔಷಧದ ವಿಷಯ ಮಾತ್ರ ಬಿಡಿ.

ನಾನು ಡಾಕ್ಟರ್ ಅಲ್ಲ. ತಲೆಗೆ ಪೆಟ್ಟು ತಿಂದವಳು ಅಷ್ಟೇ, ಅದೂ ದೊಡ್ಡ ಆಕ್ಸಿಡೆಂಟ್ ಏನಲ್ಲ, ಬಗ್ಗಿ ಏಳೋವಾಗ ಕಬೋರ್ಡಿನ ಬಾಗಿಲ ಅಂಚಿಗೆ ತಲೆ ಬಡೀತು, ಕಣ್ಣು ಕತ್ತಲೆ ಬಂತು, ಸ್ವಲ್ಪ ಹೊತ್ತು ಏನು ಮಾಡ್ತಿದ್ದೆ ಅನ್ನೋದೇ ಗೊತ್ತಾಗ್ಲಿಲ್ಲ. ಸಿಟಿ ಸ್ಕ್ಯಾನ್ ಮಾಡಿದ್ರು, ಏನೂ ಇಲ್ಲ ಅಂದ್ರು, ಎಲ್ರಿಗೂ ಖುಷಿ, ನನಗೂ ಖುಷಿ. ಆಮೇಲೆ ಶುರುವಾಗಿದ್ದು ತಲೆನೋವು, ಅದರ ಹಿಂದೇನೇ ಬಂದಿದ್ದು ಚರ್ಮದ ನೋವು. ನೆತ್ತಿ ಮೇಲೆ ಬಾಚಣಿಗೆ ಹಲ್ಲು ತಾಗಿದ್ರೆ ಉರಿ, ಜಡೆ ಬಿಗಿಯಾಗಿ ಹಾಕಿದ್ರೆ ಕೂದಲ ಬುಡದಲ್ಲೆಲ್ಲಾ ನೋವು, ಕನ್ನಡಕದ ಕಡ್ಡಿ ಕಿವಿ ಮೇಲೆ ಕೂತ್ರೆ ಸಾಕು ಒಂಥರಾ ಸುಟ್ಟ ಹಾಗೆ, ನೋವಿರೋ ಕಡೆ ಮಗ್ಗುಲಾಗಿ ದಿಂಬಿಗೆ ಕೆನ್ನೆ ಇಡೋಕಾಗಲ್ಲ, ಓಲೆ ಬಿಚ್ಚಿಟ್ಟೆ, ಕತ್ತಿನ ಸರ ಬಿಚ್ಚಿಟ್ಟೆ, ತಣ್ಣೀರಲ್ಲಿ ಮುಖ ತೊಳೆದ್ರೂ ನೋವು ಬಿಸಿನೀರಲ್ಲಿ ತೊಳೆದ್ರೂ ನೋವು. ಇದನ್ನ ಒಬ್ರು ಡಾಕ್ಟರ್ ಹತ್ರ ಹೇಳಿದಾಗ ಅವರು ನಕ್ಕು, ಕೂದಲಿಗೆ ನರ ಇರಲ್ಲಮ್ಮ, ಅದು ಹೇಗೆ ನೋಯತ್ತೆ ಅಂದ್ರು. ಕೂದಲಿಗೆ ಇರಲ್ಲ ನಿಜ, ಆದ್ರೆ ಕೂದಲಿನ ಬುಡಕ್ಕೆ ಸುತ್ತ ನರದ ತುದಿಗಳು ಸುತ್ತಿಕೊಂಡಿರತ್ತೆ, ಗಾಳಿಗೆ ಒಂದು ಕೂದಲು ಅಲ್ಲಾಡಿದ್ರೂ ನಮಗೆ ಗೊತ್ತಾಗೋದು ಅದರಿಂದಾನೇ. ಆ ನಗುಗೆ ಆವತ್ತೇ ಇಷ್ಟು ಉತ್ತರ ಕೊಡೋಕೆ ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು.

ಆಮೇಲೆ ಹುಡುಕಿ ಓದಿದ್ದು, ಬೇರೆ ನ್ಯೂರಾಲಜಿಸ್ಟ್ ಒಬ್ಬರು ಕೂತು ಬಿಡಿಸಿ ಹೇಳಿದ್ದು, ಎಲ್ಲಾ ಸೇರಿಸಿ ಬರೀತಿದ್ದೀನಿ. ನೋವು ಕೊಡಬಾರದಂಥ ಮಾಮೂಲಿ ಸ್ಪರ್ಶ, ಬಿಸಿ, ತಂಪು ಇವೆಲ್ಲ ನೋವಾಗಿ ಅನ್ನಿಸೋದಕ್ಕೆ ವೈದ್ಯರು ಅಲೊಡೀನಿಯಾ ಅಂತಾರೆ. ಮೈಗ್ರೇನ್ ಇರೋರಲ್ಲಿ ಇದು ತೀರಾ ಸಾಮಾನ್ಯ, ತಲೆಗೆ ಪೆಟ್ಟಾದ ಮೇಲೆ ಬರೋ ತಲೆನೋವಲ್ಲೂ ಕಾಣಿಸ್ಕೊಳ್ಳತ್ತೆ, ಯಾಕಂದ್ರೆ ಆ ತಲೆನೋವು ಎಷ್ಟೋ ಜನರಲ್ಲಿ ಥೇಟ್ ಮೈಗ್ರೇನ್ ಥರಾನೇ ಇರತ್ತೆ, ದಪದಪ ಹೊಡೆಯೋದು, ಬೆಳಕು ಆಗದಿರೋದು, ಸದ್ದು ಆಗದಿರೋದು, ಹೊಟ್ಟೆ ತೊಳಸೋದು.

ಇಲ್ಲಿ ಸೌಮ್ಯ ಪೆಟ್ಟು, ಅಂದ್ರೆ ಮೈಲ್ಡ್ ಅಂತ ಡಾಕ್ಟರ್ ಬರೆಯೋ ಪದಕ್ಕೆ ಒಂದು ಲೆಕ್ಕ ಇದೆ. ಎಚ್ಚರ ತಪ್ಪಿದ್ರೂ ಅರ್ಧ ಗಂಟೆ ಒಳಗೆ ಎಚ್ಚರ ಬಂದಿರ್ಬೇಕು, ನೆನಪು ಮಸುಕಾಗಿದ್ರೂ 24 ಗಂಟೆ ಮೀರಿರಬಾರದು, ಎಚ್ಚರ ಎಷ್ಟಿದೆ ಅಂತ ಅಳೆಯೋ ಗ್ಲಾಸ್ಗೋ ಕೋಮಾ ಸ್ಕೇಲಲ್ಲಿ 13ರಿಂದ 15 ಇರ್ಬೇಕು. ಎಚ್ಚರ ತಪ್ಪಲೇಬೇಕು ಅಂತೇನಿಲ್ಲ. ಮೈಲ್ಡ್ ಅನ್ನೋದು ಪೆಟ್ಟಾದ ಆ ದಿನದ ಸ್ಥಿತಿ ನೋಡಿ ಕೊಟ್ಟ ಗ್ರೇಡು, ಮುಂದೆ ಅನುಭವಿಸೋ ನೋವಿಗೆ ಕೊಟ್ಟಿದ್ದಲ್ಲ, ಇದನ್ನ ಮನೆಯವರು ಮಾತ್ರ ಅಲ್ಲ ಕೆಲವು ಡಾಕ್ಟರುಗಳೂ ಮರೀತಾರೆ. ಅಂತರರಾಷ್ಟ್ರೀಯ ತಲೆನೋವು ಸೊಸೈಟಿಯ ವರ್ಗೀಕರಣದ ಪ್ರಕಾರ ಪೆಟ್ಟಾದ ಅಥವಾ ಎಚ್ಚರ ಬಂದ 7 ದಿನದೊಳಗೆ ಶುರುವಾದ ತಲೆನೋವನ್ನ ಪೆಟ್ಟಿನಿಂದ ಬಂದಿದ್ದು ಅಂತ ಹಿಡೀತಾರೆ, 3 ತಿಂಗಳು ದಾಟಿದ್ರೆ ಅದನ್ನ ಪಟ್ಟು ಹಿಡಿದು ಕೂತಿರೋ ತಲೆನೋವು ಅಂತ ಬೇರೆ ಹೆಸರಲ್ಲಿ ಕರೀತಾರೆ. ಹಾಗಾಗಿ ಪೆಟ್ಟು ಬಿದ್ದ ತಾರೀಖು, ನೋವು ಶುರುವಾದ ತಾರೀಖು ಎರಡನ್ನೂ ಎಲ್ಲಾದ್ರೂ ಬರೆದಿಟ್ಕೊಳ್ಳಿ, ಆಮೇಲೆ ಯಾರಿಗೂ ಸರಿಯಾಗಿ ನೆನಪಿರಲ್ಲ.

ಸಿಟಿ ಸ್ಕ್ಯಾನ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಜಗಳ ಎಲ್ಲಾ ಅಲ್ಲೇ. ಪೆಟ್ಟಾದಾಗ ಸಿಟಿ ಮಾಡೋದು ಮುಖ್ಯವಾಗಿ ರಕ್ತಸ್ರಾವ ಇದ್ಯಾ, ಬುರುಡೆ ಬಿರುಕು ಬಿಟ್ಟಿದ್ಯಾ, ಮಿದುಳು ಊದಿದ್ಯಾ ಅಂತ ನೋಡೋಕೆ. ನರಗಳು ಎಷ್ಟು ಸೂಕ್ಷ್ಮ ಆಗಿವೆ ಅಂತ ಅದರಲ್ಲಿ ಕಾಣಲ್ಲ, ಕಾಣೋಕೆ ಸಾಧ್ಯಾನೂ ಇಲ್ಲ. ಸ್ಕ್ಯಾನ್ ನಾರ್ಮಲ್ ಅಂದ್ರೆ ಪ್ರಾಣಕ್ಕೆ ಅಪಾಯ ಆಗೋಂಥದ್ದು ಸಿಕ್ಕಿಲ್ಲ ಅಂತ ಅರ್ಥ, ಅದು ಒಳ್ಳೇ ಸುದ್ದಿನೇ, ಆದ್ರೆ ನೋವಿಲ್ಲ ಅಂತ ಅರ್ಥ ಅಲ್ಲ. ಆ ರಿಪೋರ್ಟ್ ಹಿಡ್ಕೊಂಡು ನಿನಗೇನೂ ಆಗಿಲ್ಲ ಅಂತ ಸಾಧಿಸೋರನ್ನ ನೋಡಿದ್ರೆ ನನಗೆ ಈಗ್ಲೂ ಸಿಟ್ಟು ಬರತ್ತೆ.

ಹಾಗಾದ್ರೆ ಒಳಗೆ ಆಗಿರೋದೇನು? ಮಿದುಳಿಗೆ ತನ್ನದೇ ನೋವು ಗೊತ್ತಾಗಲ್ಲ, ಆದ್ರೆ ಅದನ್ನ ಸುತ್ತಿರೋ ಪೊರೆಗೆ, ಅಲ್ಲಿನ ರಕ್ತನಾಳಕ್ಕೆ ನೋವಿನ ನರಗಳಿವೆ. ಇವುಗಳಲ್ಲಿ ಹೆಚ್ಚಿನವು ಟ್ರೈಜೆಮಿನಲ್ ಅನ್ನೋ ನರಕ್ಕೆ ಸೇರಿದ್ದು, ಹಣೆ, ಕೆನ್ನೆ, ದವಡೆಯ ಚರ್ಮಕ್ಕೂ ಅದೇ ನರಾನೇ. ತಲೆ ಹಿಂಭಾಗದ ಚರ್ಮಕ್ಕೆ ಮತ್ತೆ ಕತ್ತಿಗೆ ಬರೋ ನರಗಳು ಬೇರೆ, ಅವು ಕತ್ತಿನ ಮೇಲ್ಭಾಗದಲ್ಲಿ ಬೆನ್ನುಹುರಿಯಿಂದ ಹೊರಡತ್ತೆ, ಆದ್ರೆ ಇವೆರಡೂ ಮಿದುಳುಕಾಂಡದ, ಅಂದ್ರೆ ಮಿದುಳು ಬೆನ್ನುಹುರಿಗೆ ಸೇರೋ ಭಾಗದ, ಕೆಳಗಡೆ ಬಂದು ಒಂದೇ ಜಾಗದಲ್ಲಿ ಸೇರ್ಕೊಳ್ಳತ್ತೆ. ಪೊರೆಯಿಂದ ಬರೋ ನೋವಿನ ಸುದ್ದಿ, ಹಣೆ ಚರ್ಮದ ಸುದ್ದಿ, ಕತ್ತಿನ ಸುದ್ದಿ ಎಲ್ಲಾ ಒಂದೇ ಕೋಶಗಳ ಹತ್ರ ಬಂದು ಬೀಳೋದ್ರಿಂದ, ದಿನಗಟ್ಟಲೆ ಒಂದು ಕಡೆಯಿಂದ ನೋವಿನ ಸುದ್ದಿ ಬರ್ತಾನೇ ಇದ್ರೆ ಆ ಕೋಶಗಳು ಸೂಕ್ಷ್ಮ ಆಗಿಬಿಡತ್ತೆ, ಆಮೇಲೆ ಚರ್ಮದಿಂದ ಬರೋ ಬರೀ ಸ್ಪರ್ಶದ ಸುದ್ದೀನೂ ನೋವು ಅಂತಾನೇ ಮೇಲಕ್ಕೆ ಕಳಿಸತ್ತೆ. ಒಂದ್ಸಲ ಕಳ್ಳ ಬಂದು ಹೋದ ಮನೇಲಿ ಎಲೆ ಅಲ್ಲಾಡಿದ್ರೂ ಎಲ್ಲಾ ಎದ್ದು ಕೂತ್ಕೊಳ್ತಾರಲ್ಲ, ಹಾಗೆ. ಚರ್ಮದಲ್ಲಿ ಗಾಯ ಇಲ್ಲ, ಅದಕ್ಕೇ ಮುಲಾಮು ಹಚ್ಚಿದ್ರೆ ಹೋಗಲ್ಲ, ಶಾಂಪೂ ಬದಲಾಯಿಸಿದ್ರೂ ಹೋಗಲ್ಲ (ನನಗೆ ಬಂದ ಸಲಹೆಗಳಲ್ಲಿ ಅರ್ಧ ಶಾಂಪೂ ಬಗ್ಗೇನೇ ಇತ್ತು). ಈ ಸೂಕ್ಷ್ಮತೆ ಇನ್ನೂ ಮೇಲಿನ ಥಲಾಮಸ್, ಅಂದ್ರೆ ಮೈಯ ಸುದ್ದಿಯೆಲ್ಲಾ ಹಾದು ಹೋಗೋ ಮಿದುಳಿನ ಭಾಗದ ತನಕ ಹೋದ್ರೆ ತಲೆಗೆ ಸಂಬಂಧ ಇಲ್ಲದ ಕೈ, ಭುಜ, ಕಾಲಿನ ಚರ್ಮ ಕೂಡ ನೋಯೋಕೆ ಶುರುವಾಗತ್ತೆ, ಬಟ್ಟೆ ತೋಳು ಬಿಗಿ ಇದ್ರೂ ಸಹಿಸೋಕಾಗಲ್ಲ. ತಲೆಗೆ ಬಿದ್ದ ಪೆಟ್ಟಿಗೆ ಕೈ ಯಾಕೆ ನೋಯತ್ತೆ ಅಂತ ಕೇಳೋರಿಗೆ ಉತ್ತರ ಇದು.

ಇದೆಲ್ಲಾ ಊಹೆ ಅಲ್ಲ. 2000ನೇ ಇಸವಿಯಲ್ಲಿ ಹಾರ್ವರ್ಡಿನ ರಾಮಿ ಬರ್ಸ್ಟೈನ್ ಮತ್ತು ಅವರ ಜೊತೆಯವರು 42 ಜನ ಮೈಗ್ರೇನ್ ರೋಗಿಗಳ ಚರ್ಮವನ್ನ ನೋವಿಲ್ಲದಾಗ ಒಂದ್ಸಲ, ನೋವು ಬಂದಾಗ ಒಂದ್ಸಲ ಪರೀಕ್ಷೆ ಮಾಡಿ ನೋಡಿದ್ರು, 33 ಜನರಲ್ಲಿ ನೋವು ಬಂದಾಗ ಚರ್ಮದ ಸಹನೆ ಕಡಿಮೆಯಾಗಿದ್ದು ಕಂಡ್ತು. ಹೇಗೆ ಅಳೀತಾರೆ ಅಂದ್ರೆ, ಚರ್ಮದ ಮೇಲೆ ಒಂದು ಸಣ್ಣ ತಟ್ಟೆ ಇಟ್ಟು ನಿಧಾನಕ್ಕೆ ಬಿಸಿ ಏರಿಸ್ತಾರೆ, ಹಾಗೇ ನಿಧಾನಕ್ಕೆ ತಂಪೂ ಮಾಡ್ತಾರೆ, ನೋವು ಅಂತ ಅನ್ನಿಸಿದ ತಕ್ಷಣ ನಾವು ಗುಂಡಿ ಒತ್ಬೇಕು, ಆಮೇಲೆ ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳಿಂದ ಚುಚ್ಚಿ ಯಾವ ಎಳೆಗೆ ನೋವಾಗತ್ತೆ ಅಂತ ನೋಡ್ತಾರೆ. ಆ ಎಳೆಗಳಿಗೆ ಫಾನ್ ಫ್ರೈ ಅನ್ನೋ ವಿಜ್ಞಾನಿ ಹೆಸರು, ಆತ 19ನೇ ಶತಮಾನದ ಕೊನೇಲಿ ಇದನ್ನ ಶುರು ಮಾಡಿದ್ದು ಕೂದಲಿನ ಎಳೆಯಿಂದ. ಕೂದಲಿಂದ ನೋವು ಅಳೆಯೋ ವಿದ್ಯೆ ನೂರು ವರ್ಷದ ಮೇಲಾಯ್ತು, ನಾವು ಕೂದಲು ನೋಯತ್ತೆ ಅಂದ್ರೆ ಮಾತ್ರ ನಗು.

ಇಷ್ಟೆಲ್ಲಾ ಮೆಷಿನ್ ಎಲ್ಲಾ ಕಡೆ ಇರಲ್ಲ ಅಂತ ಗೊತ್ತು. ಅದಕ್ಕೇ 12 ಪ್ರಶ್ನೆಗಳ ಒಂದು ಪಟ್ಟಿ ಇದೆ, 2008ರಲ್ಲಿ ಮೈಗ್ರೇನ್ ಇರೋ ಸಾವಿರಾರು ಜನರ ಮೇಲೆ ನೋಡಿ ಪ್ರಕಟಿಸಿದ್ದು. ತಲೆನೋವು ಜೋರಾಗಿದ್ದಾಗ ತಲೆ ಬಾಚೋವಾಗ, ಕೂದಲು ಹಿಂದಕ್ಕೆ ಎಳೆದು ಕಟ್ಟೋವಾಗ, ಕನ್ನಡಕ ಹಾಕೋವಾಗ, ಕಾಂಟ್ಯಾಕ್ಟ್ ಲೆನ್ಸ್, ಓಲೆ, ಸರ, ಬಿಗಿ ಬಟ್ಟೆ ಹಾಕೋವಾಗ, ಶವರ್ ನೀರು ಮುಖಕ್ಕೆ ಬೀಳೋವಾಗ, ದಿಂಬಿಗೆ ತಲೆ ಇಡೋವಾಗ, ಬಿಸಿ ತಾಗಿದಾಗ, ತಂಪು ತಾಗಿದಾಗ ಚರ್ಮ ನೋಯತ್ತಾ ಅಂತ ಕೇಳ್ತಾರೆ, ಗಡ್ಡ ಕೆರೆಯೋವಾಗ ಅಂತಾನೂ ಒಂದಿದೆ, ಅದು ನಮಗೆ ಸಂಬಂಧ ಇಲ್ಲ ಅಂತ ಬಿಡಬಹುದು. ಯಾವತ್ತೂ ಇಲ್ಲ, ಅಪರೂಪಕ್ಕೆ, ಸಂಬಂಧ ಇಲ್ಲ ಅಂದ್ರೆ ಸೊನ್ನೆ, ಅರ್ಧಕ್ಕಿಂತ ಕಡಿಮೆ ಸಲ ಆದ್ರೆ 1, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಸಲ ಆದ್ರೆ 2. ಕೂಡಿಸಿದಾಗ 2ರ ತನಕ ಅಂದ್ರೆ ಇಲ್ಲ ಅಂತ, 3ರಿಂದ 5 ಸ್ವಲ್ಪ, 6ರಿಂದ 8 ಮಧ್ಯಮ, 9 ಅಥವಾ ಅದಕ್ಕಿಂತ ಮೇಲೆ ತೀವ್ರ. ಡಾಕ್ಟರ್ ರೂಮಿನ ಹೊರಗೆ ಕಾಯ್ತಾ ಕೂತಿರೋವಾಗ ಪೆನ್ನು ಪೇಪರ್ ಕೊಟ್ರೆ ನಾವೇ ತುಂಬಿಸಿಬಿಡ್ತೀವಿ. ಆ ಅಧ್ಯಯನದಲ್ಲಿ ಮೈಗ್ರೇನ್ ಇರೋರಲ್ಲಿ ಸುಮಾರು 63%ಗೆ ಇದು ಇತ್ತು, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಇತ್ತು.

ಹೆಂಗಸರಲ್ಲಿ ಜಾಸ್ತಿ ಅಂದ ತಕ್ಷಣ ಬರೋ ಮಾತು ಗೊತ್ತಲ್ಲ, ಅವರು ಹೇಳ್ಕೊಳ್ಳೋದು ಜಾಸ್ತಿ ಅಂತ. ಸರಿ, ಹೇಳ್ಕೊಳ್ಳೋಕೆ ಬಾರದ ಪ್ರಾಣಿಗಳನ್ನ ನೋಡೋಣ. ಬಾಸ್ಟನ್ನಿನ ಡ್ಯಾನ್ ಲೆವಿ ಅವರ ತಂಡ ಇಲಿಗಳ ತಲೆಗೆ ಸೌಮ್ಯ ಪೆಟ್ಟಾದ ಮೇಲೆ ಮುಖದ ಚರ್ಮ ಎಷ್ಟು ಸೂಕ್ಷ್ಮ ಆಗತ್ತೆ ಅಂತ ನೋಡಿದೆ, 2020ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಹೆಣ್ಣಿಲಿಗಳಲ್ಲಿ ತೊಂದರೆ ಜಾಸ್ತಿ ಇತ್ತು, ಅಷ್ಟೇ ಅಲ್ಲ, ಮೈಗ್ರೇನಿಗೆ ಈಚೆಗೆ ಬಂದಿರೋ ಸಿಜಿಆರ್‌ಪಿ ಅನ್ನೋ ಪ್ರೋಟೀನ್ ತಡೆಯೋ ಥರದ ಔಷಧ ಗಂಡಿಲಿಗಳಿಗೆ ಕೆಲಸ ಮಾಡಿದಷ್ಟು ಹೆಣ್ಣಿಲಿಗಳಿಗೆ ಮಾಡ್ಲಿಲ್ಲ. ಇಲಿಗೆ ಆಗಿದ್ದೆಲ್ಲಾ ಮನುಷ್ಯರಿಗೂ ಆಗತ್ತೆ ಅಂತ ನಾನು ಹೇಳ್ತಿಲ್ಲ, ಆದ್ರೆ ಇಲಿ ಏನೂ ನಾಟಕ ಆಡಲ್ಲ, ರಜ ಬೇಕು ಅಂತ ನೆಪ ಹೇಳಲ್ಲ. ಮೈಗ್ರೇನ್ ಕೂಡ ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ, ಮುಟ್ಟಿನ ಹತ್ತಿರ ಈಸ್ಟ್ರೋಜನ್ ಅನ್ನೋ ಹಾರ್ಮೋನು ಇಳಿಯೋವಾಗ ನೋವು ಏರೋದನ್ನ ಎಷ್ಟೋ ಜನ ಪ್ರತಿ ತಿಂಗಳು ನೋಡ್ತಾರೆ, ಅದೂ ಈ ಲೆಕ್ಕದಲ್ಲಿ ಸೇರ್ಬೇಕು.

ತಲೆ ಪೆಟ್ಟಿನ ಮೇಲಿನ ಸಂಶೋಧನೆಯಲ್ಲಿ ಬಹಳ ಪಾಲು ಸೈನಿಕರು ಮತ್ತೆ ಆಟಗಾರರ ಮೇಲೆ ಆಗಿದ್ದು, ಅವರಲ್ಲಿ ಹೆಚ್ಚಿನವರು ಗಂಡಸರೇ. ಮನೆ ಒಳಗೆ ಜಾರಿ ಬಿದ್ದವಳು, ಗಾಡಿ ಹಿಂದಿನ ಸೀಟಿಂದ ಬಿದ್ದವಳು, ಇನ್ನೂ ಕಷ್ಟದ ವಿಷಯ ಅಂದ್ರೆ ಮನೆಯವರ ಕೈಯಲ್ಲೇ ಹೊಡೆತ ತಿಂದವಳು, ಇವರು ಆ ಲೆಕ್ಕಕ್ಕೆ ಬರೋದೇ ಕಡಿಮೆ. ಕೊನೇ ಗುಂಪಿನವರು ಡಾಕ್ಟರ್ ಹತ್ರ ಬಂದ್ರೂ ಪೆಟ್ಟಾಗಿದ್ದು ಹೇಗೆ ಅಂತ ನಿಜ ಹೇಳಲ್ಲ, ಪಕ್ಕದಲ್ಲೇ ಹೊಡೆದವನು ನಿಂತಿರ್ತಾನೆ. ಬರೀ ತಲೆನೋವು ಅಂತಾರೆ, ಮಾತ್ರೆ ತಗೊಂಡು ಹೋಗ್ತಾರೆ. ಬಹಳ ದಿನದ ತಲೆನೋವು ಅಂತ ಬಂದ ಹೆಂಗಸನ್ನ ಒಬ್ಬಳನ್ನೇ ಒಳಗೆ ಕೂರಿಸಿ, ಯಾವತ್ತಾದ್ರೂ ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಕೇಳೋಕೆ ಎಷ್ಟು ಹೊತ್ತು ಬೇಕು?

ಈಗ ಮುಖ್ಯ ವಿಷಯ. ಇದನ್ನ ಕೇಳಿ ತಿಳ್ಕೊಂಡ್ರೆ ಏನು ಲಾಭ, ಸುಮ್ನೆ ಇನ್ನೊಂದು ಹೆಸರು ತಾನೇ ಅಂತ ಅನ್ಸಬಹುದು. ಇಲ್ಲ, ಚಿಕಿತ್ಸೆ ಬದಲಾಗತ್ತೆ. ಮೊದಲನೇದು ಮಾತ್ರೆ ತಗೊಳ್ಳೋ ಹೊತ್ತು. ಮೈಗ್ರೇನಿಗೆ ಕೊಡೋ ಟ್ರಿಪ್ಟಾನ್ ಗುಂಪಿನ ಮಾತ್ರೆ ಚರ್ಮದ ನೋವು ಶುರುವಾಗೋಕೆ ಮುಂಚೆ ತಗೊಂಡ್ರೆ ಚೆನ್ನಾಗಿ ಕೆಲಸ ಮಾಡತ್ತೆ, ಚರ್ಮ ನೋಯೋಕೆ ಶುರುವಾದ ಮೇಲೆ ತಗೊಂಡ್ರೆ ನೋವು ಪೂರ್ತಿ ಹೋಗೋ ಸಾಧ್ಯತೆ ಬಹಳ ಕಮ್ಮಿ ಅಂತ ಬರ್ಸ್ಟೈನ್ ಅವರ ತಂಡಾನೇ 2004ರಲ್ಲಿ ತೋರಿಸಿತ್ತು. ನಾವು ಮಾಡೋದೇನು, ಇನ್ನೊಂದು ಸ್ವಲ್ಪ ಹೊತ್ತು ನೋಡೋಣ, ಈ ಕೆಲಸ ಮುಗಿಸಿ ತಗೊಳ್ಳೋಣ, ಸಹಿಸ್ಕೊಳ್ಳೋಣ ಅಂತ ಮುಂದೂಡಿ ಮುಂದೂಡಿ ತಲೆ ಮುಟ್ಟೋಕಾಗದ ಸ್ಥಿತಿಗೆ ಬಂದ ಮೇಲೆ ಮಾತ್ರೆ ನುಂಗ್ತೀವಿ, ಆಮೇಲೆ ಈ ಮಾತ್ರೆ ನನಗೆ ಆಗಿಬರಲ್ಲ ಅಂತೀವಿ. ಈ ಅಧ್ಯಯನ ಮೈಗ್ರೇನ್ ಇರೋರ ಮೇಲೆ ಆಗಿದ್ದು, ಪೆಟ್ಟಿನ ತಲೆನೋವಿಗೂ ಅದೇ ಮಾತ್ರೆ ಕೊಡೋದ್ರಿಂದ ಅದೇ ಬುದ್ಧಿ ಉಪಯೋಗಿಸ್ತಾರೆ. ಹೃದಯದ ತೊಂದರೆ ಇರೋರಿಗೆ ಟ್ರಿಪ್ಟಾನ್ ಕೊಡಲ್ಲ, ಹಾಗಾಗಿ ಯಾರೋ ಹೇಳಿದ್ರು ಅಂತ ತಗೊಳ್ಳೋ ಮಾತ್ರೆ ಅಲ್ಲ ಅದು.

ಹಾಗಂತ ಬೇಗ ತಗೊಳ್ಳಿ ಅಂದ್ರೆ ದಿನಾ ತಗೊಳ್ಳಿ ಅಂತಲ್ಲ, ಇಲ್ಲೇ ಬಹಳ ಜನ ಸಿಕ್ಕಿಹಾಕ್ಕೊಳ್ಳೋದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಥರದ ಮಾಮೂಲಿ ಪೇನ್ ಕಿಲ್ಲರ್ ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ, ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧ ಸೇರಿಸಿದ ಮಾತ್ರೆ ಅಥವಾ ಓಪಿಯಾಯ್ಡ್ ಅನ್ನೋ ಜೋರು ನೋವಿನ ಮಾತ್ರೆ ಗುಂಪಿನದು 10 ದಿನ ಅಥವಾ ಜಾಸ್ತಿ, ಹೀಗೆ 3 ತಿಂಗಳು ದಾಟಿದ್ರೆ ಆ ಮಾತ್ರೆಯಿಂದಾನೇ ತಲೆನೋವು ಬರೋಕೆ ಶುರುವಾಗಬಹುದು. ಪೆಟ್ಟಿನ ತಲೆನೋವು, ಅದರ ಮೇಲೆ ಮಾತ್ರೆಯ ತಲೆನೋವು, ಯಾವುದು ಯಾವುದು ಅಂತಾನೇ ಗೊತ್ತಾಗಲ್ಲ. ತಿಂಗಳಲ್ಲಿ ಅರ್ಧಕ್ಕರ್ಧ ದಿನ ಮಾತ್ರೆ ಬೇಕು ಅಂತಾದ್ರೆ ನೋವು ಬಂದಾಗ ನುಂಗೋ ಮಾತ್ರೆ ಬಿಟ್ಟು, ನೋವು ಬರದ ಹಾಗೆ ದಿನಾ ತಗೊಳ್ಳೋ ಬೇರೆ ಥರದ ಔಷಧದ ಬಗ್ಗೆ ಕೇಳ್ಬೇಕು. ಪೆಟ್ಟಿನ ತಲೆನೋವಿಗೇ ಅಂತ ಪ್ರತ್ಯೇಕವಾಗಿ ಮಾಡಿದ ಔಷಧ ಇಲ್ಲ, ಮೈಗ್ರೇನಿನ ಔಷಧಾನೇ ಕಡ ತಗೊಂಡು ಕೊಡ್ತಾರೆ, ಅಮಿಟ್ರಿಪ್ಟಿಲಿನ್ ಕಡಿಮೆ ಡೋಸಲ್ಲಿ, ಪ್ರೊಪ್ರನೊಲಾಲ್, ಟೋಪಿರಮೇಟ್, ಕೆಲವರಿಗೆ ಬೋಟುಲಿನಮ್ ಇಂಜೆಕ್ಷನ್. ಅಮಿಟ್ರಿಪ್ಟಿಲಿನ್ ಚೀಟಿ ನೋಡಿ ಇದು ಖಿನ್ನತೆಯ ಮಾತ್ರೆ, ನನ್ನನ್ನ ಹುಚ್ಚಿ ಅನ್ಕೊಂಡಿದ್ದಾರೆ ಅಂತ ಬಿಸಾಡಿದವರು ನನಗೆ ಗೊತ್ತು, ನೋವಿಗೆ ಕೊಡೋ ಡೋಸ್ ಬಹಳ ಕಮ್ಮಿ, ಉದ್ದೇಶಾನೂ ಬೇರೆ, ಕೊಡೋ ಡಾಕ್ಟರ್ ಒಂದು ಮಾತು ಹೇಳಿದ್ರೆ ಸಾಕಿತ್ತು. ಟೋಪಿರಮೇಟ್ ಮತ್ತೆ ಮೈಗ್ರೇನ್ ತಡೆಯೋಕೇ ಕೊಡೋ ಇನ್ನೊಂದು ಔಷಧ ವಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರೋ ಮಗುವಿಗೆ ಹಾನಿ ಮಾಡತ್ತೆ, ಗರ್ಭಿಣಿ ಆಗೋ ಯೋಚನೆ ಇರೋರು, ಆಗೋ ಸಾಧ್ಯತೆ ಇರೋರು ಚೀಟಿ ಬರೆಸ್ಕೊಳ್ಳೋಕೆ ಮುಂಚೇನೇ ಹೇಳ್ಬೇಕು. ಟೋಪಿರಮೇಟಿಂದ ಪದ ನೆನಪಾಗದೆ ತಡವರಿಸೋದೂ ಇದೆ, ತಲೆಗೆ ಪೆಟ್ಟಾಗಿ ಮೊದಲೇ ಮರೆವು ಅಂತ ಹೆದರಿರೋರಿಗೆ ಇದು ಗೊತ್ತಿರ್ಬೇಕು.

ನೋವು ತಲೆ ಹಿಂದುಗಡೆ, ಕತ್ತು ತಲೆ ಸೇರೋ ಜಾಗದಿಂದ ಚಳುಕು ಹೊಡೆದ ಹಾಗೆ ಮೇಲಕ್ಕೆ ಹೋಗ್ತಿದ್ರೆ, ಅಲ್ಲಿ ಬೆರಳಿಟ್ಟು ಒತ್ತಿದ್ರೆ ಪ್ರಾಣ ಹೋದ ಹಾಗಾಗ್ತಿದ್ರೆ, ಆಕ್ಸಿಪಿಟಲ್ ನರದ ತೊಂದರೆ ಇರಬಹುದು, ಅಲ್ಲಿ ಒಂದು ಮರಗಟ್ಟಿಸೋ ಇಂಜೆಕ್ಷನ್ ಕೊಟ್ರೆ ಕೆಲವರಿಗೆ ವಾರಗಟ್ಟಲೆ ಆರಾಮ ಸಿಗತ್ತೆ. ಪೆಟ್ಟು ಬಿದ್ದಾಗ ಕತ್ತೂ ಜರ್ಕ್ ಆಗಿರತ್ತೆ, ಅದನ್ನ ಫಿಸಿಯೋಥೆರಪಿಸ್ಟ್ ನೋಡ್ಬೇಕು. ತಲೆ ನೋಡಿದ್ರು ಕತ್ತು ನೋಡ್ಲಿಲ್ಲ ಅನ್ನೋದು ನಾನು ಮಾತಾಡಿದ ಹೆಂಗಸರೆಲ್ಲಾ ಹೇಳಿದ ಮಾತು.

ಒಂದು ಎಚ್ಚರಿಕೆ, ಇದನ್ನ ಮಾತ್ರ ಕತ್ತರಿಸಬೇಡಿ. ಬಾಚಿದ್ರೆ ನೆತ್ತಿ ನೋಯತ್ತೆ ಅನ್ನೋದೆಲ್ಲಾ ಪೆಟ್ಟಿನ ತಲೆನೋವಲ್ಲ. 50 ವರ್ಷ ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಕಣತಲೆ ಹತ್ರ ಮುಟ್ಟಿದ್ರೆ ನೋವು, ಅಗಿಯೋವಾಗ ದವಡೆ ಸೋತು ನೋಯೋದು, ಕಣ್ಣು ಮಂಜಾಗೋದು ಇದ್ರೆ ಅದು ತಲೆಯ ರಕ್ತನಾಳದ ಉರಿಯೂತ ಇರಬಹುದು, ಜಯಂಟ್ ಸೆಲ್ ಆರ್ಟರೈಟಿಸ್ ಅಂತಾರೆ, ಹೆಂಗಸರಲ್ಲೇ ಜಾಸ್ತಿ, ತಡ ಮಾಡಿದ್ರೆ ಕಣ್ಣೇ ಹೋಗಬಹುದು, ಅದೇ ದಿನ ಡಾಕ್ಟರ್ ಹತ್ರ ಹೋದ್ರೆ ಸ್ಟಿರಾಯ್ಡ್ ಕೊಟ್ಟು ಉಳಿಸ್ತಾರೆ. ತಲೆ ಅಥವಾ ಮುಖದ ಒಂದೇ ಕಡೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಉರಿದು ಕೆಲವು ದಿನದಲ್ಲಿ ಗುಳ್ಳೆ ಎದ್ರೆ ಅದು ಸರ್ಪಸುತ್ತು. ಪೆಟ್ಟಾದ ಮೇಲೆ ತಲೆನೋವು ದಿನದಿಂದ ದಿನಕ್ಕೆ ಏರ್ತಾ ಹೋದ್ರೆ, ಫಿಟ್ಸ್ ಬಂದ್ರೆ, ಒಂದು ಕಡೆ ಕೈಕಾಲು ಸೋತ್ರೆ, ಮಾತು ತೊದಲಿದ್ರೆ, ವಿಪರೀತ ಮಂಪರು ಬಂದ್ರೆ, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಸೋರಿದ್ರೆ ಆಗ ಕಾಯಬಾರದು. ವಯಸ್ಸಾದವರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಮೊದಲ ಸ್ಕ್ಯಾನ್ ಸರಿ ಇದ್ರೂ ವಾರಗಳಾದ ಮೇಲೆ ನಿಧಾನಕ್ಕೆ ರಕ್ತ ಸೇರ್ಕೊಳ್ಳೋದು ಉಂಟು.

ಇನ್ನು ರೆಸ್ಟ್ ಬಗ್ಗೆ. ನಿಮ್ಮ ಲೇಖನದಲ್ಲಿ ನೋವು ಪೂರ್ತಿ ಹೋಗೋ ತನಕ ಕತ್ತಲೆ ಕೋಣೇಲಿ ವಿಶ್ರಾಂತಿ ಅಂತ ಇತ್ತು, ದಯವಿಟ್ಟು ತಿದ್ದಿ. ಈಗ ಹೇಳೋದು ಮೊದಲ ಒಂದೆರಡು ದಿನ ಮಾತ್ರ ಹೆಚ್ಚು ಆರಾಮ, ಆಮೇಲೆ ನೋವು ಬಹಳ ಏರದಷ್ಟು ನಡಿಗೆ, ಮನೆ ಕೆಲಸ, ಓದು ಅಂತ ಸ್ವಲ್ಪ ಸ್ವಲ್ಪ ಶುರು ಮಾಡ್ಬೇಕು ಅಂತ. 2022ರಲ್ಲಿ ಆಮ್‌ಸ್ಟರ್‌ಡಾಮಲ್ಲಿ ಸೇರಿದ್ದ ತಜ್ಞರೂ ಆಟಗಾರರ ತಲೆ ಪೆಟ್ಟಿನ ಬಗ್ಗೆ ಇದನ್ನೇ ಹೇಳಿದ್ದು. ನಮಗೆ ಚರ್ಮ ನೋಯತ್ತೆ ಅಂತ ಕತ್ತಲಲ್ಲಿ ಅಲ್ಲಾಡದೆ ಮಲಗಿದ್ರೆ ನಿದ್ದೆ ಕೆಡತ್ತೆ, ನಿದ್ದೆ ಕೆಟ್ರೆ ನೋವು ಇನ್ನೂ ಏರತ್ತೆ.

ನಿದ್ದೆಗೇಡು, ಆತಂಕ, ಖಿನ್ನತೆ ಇರೋರಲ್ಲಿ ಈ ಚರ್ಮದ ನೋವು ಜಾಸ್ತಿ ಕಾಣತ್ತೆ ಅನ್ನೋದು ನಿಜ. ಅದನ್ನ ಮುಚ್ಚಿಡೋದು ಬೇಡ, ಆದ್ರೆ ಅದನ್ನ ಹಿಡ್ಕೊಂಡು ಎಲ್ಲಾ ಮನಸ್ಸಿಂದಾನೇ ಅಂತ ಫೈಲ್ ಮುಚ್ಚೋದೂ ಬೇಡ. ತಿಂಗಳುಗಟ್ಟಲೆ ತಲೆ ಮುಟ್ಟೋಕಾಗದೆ ಇದ್ದು, ಯಾರೂ ನಂಬದೆ ಇದ್ರೆ ಯಾರಿಗೆ ತಾನೇ ಆತಂಕ ಆಗಲ್ಲ? ಕೌನ್ಸೆಲಿಂಗ್‌ಗೆ ಹೋಗಿ ಅಂತ ಡಾಕ್ಟರ್ ಹೇಳಿದ್ರೆ ಅವಮಾನ ಅನ್ಕೋಬೇಡಿ, ನೋವಿನ ಜೊತೆ ದಿನ ಕಳೆಯೋದನ್ನ ಕಲಿಸೋ ಥೆರಪಿ ಇದೆ, ಔಷಧದ ಜೊತೆಗೆ ಅದೂ ನಡೀಲಿ. ಔಷಧದ ಬದಲಿಗೆ ಅದು ಅಂತ ಹೇಳಿದ್ರೆ ಮಾತ್ರ ಇನ್ನೊಬ್ಬ ಡಾಕ್ಟರನ್ನ ನೋಡಿ.

ಮನೆಯವರಿಗೂ ಒಂದು ಮಾತು. ಅವಳು ಎಣ್ಣೆ ಹಚ್ಚಿ ತಲೆ ತಿಕ್ಕೋದು ಬೇಡ ಅಂದ್ರೆ ಬೇಡ, ಪ್ರೀತಿಯಿಂದಾನೇ ತಿಕ್ಕಿದ್ರೂ ನೋವು ನೋವೇ. ಹಣೆ ಮೇಲೆ ಕೈ ಇಡೋಕೆ ಮುಂಚೆ ಕೇಳಿ. ಮಗು ಬಂದು ಕೂದಲು ಎಳೆದಾಗ ಅವಳು ಕಿರುಚಿದ್ರೆ ಮಗು ಮೇಲೆ ಸಿಟ್ಟಲ್ಲ ಅದು. ಹಲ್ಲು ದೂರ ದೂರ ಇರೋ ಬಾಚಣಿಗೆ, ಸಡಿಲ ಜಡೆ, ಹಗುರ ಕನ್ನಡಕ, ಉಗುರು ಬೆಚ್ಚಗಿನ ನೀರು, ಇವು ಔಷಧ ಅಲ್ಲ, ಆದ್ರೆ ದಿನ ತಳ್ಳೋಕೆ ಸಹಾಯ ಮಾಡತ್ತೆ. ಅವಳು ಬೆಳಗ್ಗೆ ಚೆನ್ನಾಗಿದ್ದು ಸಂಜೆ ತಲೆ ಮುಟ್ಟಬೇಡಿ ಅಂದ್ರೆ ಸುಳ್ಳು ಅಂತಲ್ಲ, ಈ ನೋವು ತಲೆನೋವಿನ ಜೊತೆ ಏರಿ ಇಳಿಯೋಂಥದ್ದೇ.

ಕೊನೇದಾಗಿ ನಿಮ್ಮಿಂದ ಆಗೋ ಕೆಲಸ. ತಲೆ ಪೆಟ್ಟಾಗಿ ಡಿಸ್ಚಾರ್ಜ್ ಆಗೋವಾಗ ಆಸ್ಪತ್ರೇಲಿ ಒಂದು ಚೀಟಿ ಕೊಡ್ತಾರೆ, ವಾಂತಿ ಆದ್ರೆ ಬನ್ನಿ, ಫಿಟ್ಸ್ ಬಂದ್ರೆ ಬನ್ನಿ ಅಂತ. ಆ ಚೀಟೀಲಿ ಇನ್ನೆರಡು ಸಾಲು ಬೇಕು, ತಲೆನೋವು 3 ತಿಂಗಳು ದಾಟಿದ್ರೆ ಮತ್ತೆ ಬನ್ನಿ, ತಲೆ ಬಾಚೋವಾಗ, ದಿಂಬಿಗೆ ಒರಗೋವಾಗ ಚರ್ಮ ನೋಯ್ತಿದ್ರೆ ಅದನ್ನ ತಪ್ಪದೆ ಹೇಳಿ ಅಂತ. ಆಸ್ಪತ್ರೆಯವರು ಇದನ್ನ ಸೇರಿಸೋ ಹಾಗೆ ನಿಮ್ಮ ಪತ್ರಿಕೆ ಒಂದು ಸುದ್ದಿ ಮಾಡ್ಲಿ, ಅಲ್ಲೀ ತನಕ ಆ 12 ಪ್ರಶ್ನೆಗಳನ್ನ ಕನ್ನಡದಲ್ಲಿ, ನಾವು ಮಾತಾಡೋ ಕನ್ನಡದಲ್ಲಿ, ನಿಮ್ಮ ಆರೋಗ್ಯ ಪುಟದಲ್ಲಿ ಒಂದು ಬಾಕ್ಸ್ ಮಾಡಿ ಹಾಕಿ, ಕತ್ತರಿಸಿ ತಗೊಂಡು ಹೋಗಿ ಡಾಕ್ಟರ್ ಮುಂದೆ ಇಡ್ತೀವಿ. ಯಾರಾದ್ರೂ ನ್ಯೂರಾಲಜಿಸ್ಟ್ ಹತ್ರ ಒಂದ್ಸಲ ತೋರಿಸಿ ಹಾಕಿದ್ರೆ ಇನ್ನೂ ಒಳ್ಳೇದು.

ಇತಿ,
ನಿಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು